ಕೂಸು ಮೊದಲೇ ಮಲಗಿತ್ತು

ಹೋದ ತಿಂಗಳು ಒಂದು ಗುರುವಾರ ರಾತ್ರಿ ನಾನೂ ನನ್ನ ಹೆಂಡ್ತೀನೂ ಸ್ಕೂಲ್ ಬಸ್ ಫೀಸಿನ ವಿಷಯಕ್ಕೆ ಜಗಳ ಆಡಿದ್ವಿ. ವಿಷಯ ಏನೂ ಇಲ್ಲ, ಕಟ್ತೀನಿ ಅಂತ ಹೇಳಿದ್ದೆ, ಮರೆತಿದ್ದೆ, ಸ್ಕೂಲಿಂದ ಅವಳ ಫೋನಿಗೆ ಮೆಸೇಜ್ ಬಂತು, ಅಷ್ಟೇ. ಆದ್ರೆ ಗಂಡ ಹೆಂಡ್ತಿ ಜಗಳ ಶುರುವಾದ ಜಾಗದಲ್ಲೇ ನಿಂತಿದ್ದು ಯಾರಾದ್ರೂ ನೋಡಿದ್ದೀರಾ? ಬಸ್ ಫೀಸಿಂದ ಹೊರಟಿದ್ದು "ಈ ಮನೇಲಿ ನೀವು ನೆನಪಿಟ್ಕೊಂಡು ಮಾಡಿದ ಒಂದು ಕೆಲಸ ತೋರ್ಸಿ" ಅನ್ನೋದಕ್ಕೆ ಬಂತು, ಅಲ್ಲಿಂದ ಎರಡು ವರ್ಷದ ಹಿಂದೆ ಯಾವುದೋ ಫಂಕ್ಷನ್‌ಗೆ ನಾನು ಲೇಟಾಗಿ ಹೋಗಿದ್ದಕ್ಕೆ ಬಂತು, ಅಲ್ಲಿಂದ ನಮ್ಮಮ್ಮನ ವಿಷಯಕ್ಕೆ ಬರೋಷ್ಟರಲ್ಲಿ ನಾನು ಫೋನ್ ಎತ್ತಿ ಸೋಫಾ ಮೇಲೆ ಬಿಸಾಕಿದೆ. (ಸೋಫಾ ಮೇಲೇ, ನೆಲದ ಮೇಲಲ್ಲ. ಎಷ್ಟೇ ಸಿಟ್ಟಿದ್ರೂ ಫೋನಿನ ಕಂತು ಇನ್ನೂ ಮುಗಿದಿಲ್ಲ ಅನ್ನೋದು ನೆನಪಿರತ್ತೆ ನೋಡಿ.)

ಮಗಳು ಅಲ್ಲೇ ನೆಲದ ಮೇಲೆ ಬೋರಲು ಮಲಗ್ಕೊಂಡು ಆನೆಗೆ ಬಣ್ಣ ಹಾಕ್ತಿದ್ಲು. 7 ವರ್ಷ ಅವಳಿಗೆ. ತಲೆ ಎತ್ತಲಿಲ್ಲ, ಏನೂ ಕೇಳಲಿಲ್ಲ, ಅಳಲೂ ಇಲ್ಲ. ನಮ್ಮಮ್ಮ ಬಂದು "ಬಾ ಪುಟ್ಟಿ, ಮಲ್ಕೊಳೋಣ" ಅಂತ ಕರ್ಕೊಂಡು ಹೋದ್ರು. ನಾವು ಇನ್ನೊಂದು ಅರ್ಧ ಗಂಟೆ ಎಳೆದಾಡಿದ್ವಿ, ಆಮೇಲೆ ಸುಸ್ತಾಗಿ ಸುಮ್ಮನಾದ್ವಿ. ಹನ್ನೊಂದೂವರೆ ಹೊತ್ತಿಗೆ ಗೀಸರ್ ಸ್ವಿಚ್ ಆಫ್ ಮಾಡಕ್ಕೆ ಅಂತ ಇಬ್ರೂ ಒಂದೇ ಸಲ ಎದ್ದು ಬಾತ್‌ರೂಮ್ ಬಾಗಿಲಲ್ಲಿ ಡಿಕ್ಕಿ ಹೊಡೆದ್ವಿ, ಅವಳಿಗೆ ನಗು ಬಂತು, ನನಗೂ ಬಂತು. ಅಲ್ಲೇ ನಿಂತ್ಕೊಂಡು ಫೋನಲ್ಲಿ ಫೀಸ್ ಕಟ್ಟಿ "ನೋಡು ತಾಯಿ, ಆಯ್ತು" ಅಂತ ತೋರ್ಸಿದೆ. ಮುಗೀತು, ನೆಮ್ಮದಿಯಾಗಿ ನಿದ್ದೆ ಮಾಡಿದ್ವಿ.

ಬೆಳಿಗ್ಗೆ ಎದ್ದು ನೋಡಿದ್ರೆ ಮನೇಲಿ ಪವಾಡ. ದಿನಾ ಹತ್ತು ಸಲ ಕೂಗಿದ್ರೂ ಏಳದ ಹುಡುಗಿ ಆಗ್ಲೇ ಎದ್ದು ಯೂನಿಫಾರ್ಮ್ ಹಾಕ್ಕೊಂಡು ಕೂತಿದ್ಲು. ಒಂದು ಗುಂಡಿ ತಪ್ಪಿ ಶರ್ಟ್ ಪೂರ್ತಿ ಒಂದು ಪಕ್ಕಕ್ಕೆ ಎಳೆದಿತ್ತು. ಹೊದಿಕೆ ಮಡಚಿಟ್ಟಿದ್ಲು, ಅವಳಿಗೆ ಗೊತ್ತಿರೋ ಹಂಗೆ, ಅಂದ್ರೆ ಉಂಡೆ ಮಾಡಿ. ಬಾಗಿಲ ಹತ್ರ ಎಲ್ಲರ ಚಪ್ಪಲಿ ಶೂ ಸಾಲಾಗಿ ಜೋಡಿಸಿದ್ಲು, ನಂದೂ ಅವಳಮ್ಮಂದೂ ಅಂಟಿಸಿಟ್ಟ ಹಂಗೆ ಪಕ್ಕ ಪಕ್ಕ. ನಮ್ಮಮ್ಮನಿಗೆ ಖುಷಿಯೋ ಖುಷಿ, "ನೋಡೋ, ಎಷ್ಟು ಜಾಣೆ ಆಗ್ಬಿಟ್ಟಿದ್ದಾಳೆ ನನ್ನ ಮೊಮ್ಮಗಳು" ಅಂದ್ರು. ನಾನೂ ಹೌದು ಹೌದು ಅಂದೆ. ಅವಳಮ್ಮ ಗುಂಡಿ ಸರಿ ಮಾಡ್ತಿರುವಾಗ ಮಗಳು ಕಿವಿ ಹತ್ರ ಹೋಗಿ ಮೆಲ್ಲಗೆ ಹೇಳಿದ್ಲಂತೆ, "ಅಮ್ಮಾ, ನಾನು ಇನ್ಮೇಲೆ ಬಸ್ಸಲ್ಲಿ ಹೋಗಲ್ಲ, ನಡ್ಕೊಂಡೇ ಹೋಗ್ತೀನಿ."

ನನ್ನ ಹೆಂಡ್ತಿ ಇದನ್ನ ಆಫೀಸಿಂದ ಫೋನ್ ಮಾಡಿ ಹೇಳಿದ್ಲು. ಎರಡೂ ಕಡೆ ಒಂದು ನಿಮಿಷ ಮಾತೇ ಇಲ್ಲ.

ಆಮೇಲೆ ಆ ಆನೆ ಚಿತ್ರ ಹುಡುಕಿ ತೆಗೆದು ನೋಡಿದೆ. ಒಂದು ಕಿವಿಗೆ ಮಾತ್ರ ಬೂದು ಬಣ್ಣ, ಮೇಲೆ ಮೇಲೆ ತಿಕ್ಕಿ ತಿಕ್ಕಿ ಪೇಪರ್ ತೂತಾಗಿದೆ. ಉಳಿದ ಆನೆ ಹಂಗೇ ಬಿಳಿಯಾಗಿದೆ.

ನಮ್ಮಲ್ಲಿ ಎರಡು ಗಾದೆ ಇದಾವೆ, ಎರಡೂ ಎಲ್ಲರಿಗೂ ಗೊತ್ತು. ಒಂದು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇನ್ನೊಂದು, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಮೊದಲನೇದನ್ನ ನಗ್ತಾ ಹೇಳ್ತೀವಿ, ಎರಡನೇದನ್ನ ನಿಟ್ಟುಸಿರು ಬಿಟ್ಟು ಹೇಳ್ತೀವಿ, ಆದ್ರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ ನಾನು. ಜಗಳ ಮಲಗೋ ತನಕ ಅಂತಾರಲ್ಲ, ಯಾರು ಮಲಗೋ ತನಕ? ನಾವು ಮಲಗಿದ್ದು ಹನ್ನೆರಡಕ್ಕೆ, ಅಷ್ಟರಲ್ಲಿ ರಾಜಿ ಆಗಿತ್ತು. ಕೂಸು ಮಲಗಿದ್ದು ಒಂಬತ್ತೂವರೆಗೆ, ಜಗಳ ಇನ್ನೂ ಅರ್ಧದಲ್ಲಿತ್ತು. ಸಿನಿಮಾದ ಫೈಟ್ ಸೀನ್ ಮಾತ್ರ ತೋರ್ಸಿ ಕರೆಂಟ್ ತೆಗೆದ ಹಂಗೆ. ಮಿಕ್ಕಿದ್ದನ್ನ ಅವಳೇ ಕತ್ತಲಲ್ಲಿ ಕೂಡಿಸ್ಕೊಂಡು ಕಥೆ ಮುಗಿಸಿದ್ದಾಳೆ, ಆ ಕಥೇಲಿ ತಪ್ಪೆಲ್ಲ ಅವಳದ್ದೇ.

ಈ ವಯಸ್ಸಿನ ಮಕ್ಕಳು ಹಿಂಗೇ ಯೋಚನೆ ಮಾಡ್ತಾರೆ ಅನ್ನೋದು ಹೊಸ ವಿಷಯ ಅಲ್ಲ. ಚಿಕ್ಕ ಮಕ್ಕಳ ಲೋಕದಲ್ಲಿ ನಡೆಯೋದಕ್ಕೆಲ್ಲ ಅವರೇ ಮಧ್ಯ, ಒಳ್ಳೇದಾದ್ರೂ ನನ್ನಿಂದ, ಕೆಟ್ಟದಾದ್ರೂ ನನ್ನಿಂದ. ಅದರ ಮೇಲೆ ಜಗಳದಲ್ಲಿ ಅವಳ ಬಸ್ಸು ಅವಳ ಸ್ಕೂಲು ಅಂತ ನಾವೇ ಹತ್ತು ಸಲ ಕೂಗಿದೀವಿ. ಇನ್ನೇನು ಅಂದ್ಕೋಬೇಕು ಪಾಪ.

ಆವತ್ತಿಂದ ಸ್ವಲ್ಪ ಓದಿದೆ. ನಾನು ಡಾಕ್ಟರೂ ಅಲ್ಲ ಕೌನ್ಸೆಲರೂ ಅಲ್ಲ, ತಪ್ಪು ಮಾಡಿ ಸಿಕ್ಕಿಬಿದ್ದ ಅಪ್ಪ ಓದೋ ಹಂಗೆ ಓದಿದೀನಿ, ಅಂದ್ರೆ ರಾತ್ರಿ ಹೊತ್ತು, ಫೋನಲ್ಲಿ, ಸ್ವಲ್ಪ ಭಯದಲ್ಲಿ. ಮಾರ್ಕ್ ಕಮಿಂಗ್ಸ್ ಅಂತ ಒಬ್ಬ ಅಮೆರಿಕದ ಮನಃಶಾಸ್ತ್ರಜ್ಞ, ಎಷ್ಟೋ ವರ್ಷದಿಂದ ಇದೊಂದೇ ವಿಷಯ ಹಿಡ್ಕೊಂಡಿದ್ದಾರೆ, ದೊಡ್ಡವರ ಜಗಳ ಮಕ್ಕಳಿಗೆ ಏನ್ಮಾಡತ್ತೆ ಅಂತ. ಅವರ ಪ್ರಯೋಗ ಅಂದ್ರೆ, ಮಕ್ಕಳ ಮುಂದೆ ಇಬ್ರು ದೊಡ್ಡವರು ಜಗಳ ಆಡೋದು, ಅದರ ಕೊನೆಯನ್ನ ಮಾತ್ರ ಬದಲಾಯಿಸೋದು. ಒಂದರಲ್ಲಿ ಜಗಳ ಹಂಗೇ ನಿಂತುಹೋಗತ್ತೆ, ಒಂದರಲ್ಲಿ ಮಾತು ಬಿಡ್ತಾರೆ, ಒಂದರಲ್ಲಿ ಮಾತು ತೇಲಿಸಿ ಬೇರೆ ವಿಷಯಕ್ಕೆ ಹೋಗ್ತಾರೆ, ಒಂದರಲ್ಲಿ ನಿಜವಾಗ್ಲೂ ರಾಜಿ ಆಗ್ತಾರೆ. ಜಗಳ ಅದೇ ಆದ್ರೂ ರಾಜಿ ಕಣ್ಣಾರೆ ನೋಡಿದ ಮಕ್ಕಳ ಕಳವಳ ಎಷ್ಟೋ ಇಳಿಯತ್ತೆ. ಮಾತು ಬಿಟ್ಟು ಮುಖ ಊದಿಸ್ಕೊಂಡು ಕೂರೋದಿದೆಯಲ್ಲ, ಅದನ್ನ ಮಕ್ಕಳು ಶಾಂತಿ ಅಂತ ಲೆಕ್ಕಕ್ಕೆ ತಗೊಳಲ್ಲ, ಅದೂ ಜಗಳಾನೇ. ರಾಜಿ ಬಾಗಿಲ ಹಿಂದೆ ಆಗಿದ್ರೂ ಆಮೇಲೆ ಮಗುಗೆ ಅದು ಗೊತ್ತಾದ್ರೆ ಸಮಾಧಾನ ಆಗತ್ತೆ ಅನ್ನೋದು ನನಗೆ ಇಷ್ಟ ಆದ ಭಾಗ. ಯಾಕಂದ್ರೆ ಎಲ್ಲ ರಾಜಿನೂ ಮಗು ಮುಂದೆ ಮಾಡ್ಕೊಳಕ್ಕೆ ಆಗಲ್ಲ ನೋಡಿ, ಕೆಲವು ನಮ್ಮ ಮುಂದೆ ನಾವೇ ಮಾಡ್ಕೊಳೋದೂ ಕಷ್ಟ.

ನಾವೆಲ್ಲ ಇದರ ಉಲ್ಟಾ ಮಾಡ್ತೀವಿ. ಜಗಳ ಹಾಲಲ್ಲಿ, ರಾಜಿ ರೂಮಲ್ಲಿ.

ಮಗು ಮಲಗಿದೆ ಬಿಡು, ಅದಕ್ಕೇನು ಗೊತ್ತಾಗತ್ತೆ ಅನ್ನೋದು ಇನ್ನೊಂದು. ಆರೇಗನ್ ವಿಶ್ವವಿದ್ಯಾಲಯದಲ್ಲಿ ಆಲಿಸ್ ಗ್ರಹಾಂ ಅನ್ನೋವ್ರೂ ಅವರ ಜೊತೆಯವ್ರೂ 2013ರಲ್ಲಿ ಒಂದು ಅಧ್ಯಯನ ಬರೆದ್ರು. 6ರಿಂದ 12 ತಿಂಗಳ ಕೂಸುಗಳನ್ನ ಮಲಗಿಸಿ, ನಿದ್ದೆಯಲ್ಲಿರುವಾಗಲೇ ಎಂಆರ್‌ಐ ಸ್ಕ್ಯಾನರ್ ಒಳಗೆ ಇಟ್ಟು, ಕಿವಿಗೆ ಒಬ್ಬ ಗಂಡಸಿನ ದನಿ ಕೇಳಿಸಿದ್ರು, ಒಂದು ಸಲ ಖುಷಿಯಾಗಿ, ಒಂದು ಸಲ ಸಾದಾ, ಒಂದು ಸಲ ಸಿಟ್ಟಲ್ಲಿ. ಮಾತಿಗೆ ಅರ್ಥಾನೇ ಇಲ್ಲ, ಬರೀ ದನಿ. ಜಗಳ ಜಾಸ್ತಿ ಇರೋ ಮನೆಯ ಕೂಸುಗಳ ಮಿದುಳಲ್ಲಿ, ಒತ್ತಡಕ್ಕೆ ಸಂಬಂಧಪಟ್ಟ ಭಾಗಗಳು ಸಿಟ್ಟಿನ ದನಿಗೆ ಹೆಚ್ಚು ಪ್ರತಿಕ್ರಿಯೆ ತೋರಿಸಿದ್ವು. ನಿದ್ದೇಲಿ! ಇದು ಓದಿದ ಮೇಲೆ ನಮ್ಮ ಮನೆ ಗೋಡೆ ಎಷ್ಟು ದಪ್ಪ ಇದೆ ಅಂತ ಬೆರಳು ಮಡಚಿ ತಟ್ಟಿ ನೋಡಿದೆ. ದಪ್ಪ ಇಲ್ಲ.

ಹಂಗಂತ ಹೆದರಿ ಇನ್ಮೇಲೆ ಮನೇಲಿ ಯಾರೂ ದನಿ ಎತ್ತಬಾರ್ದು, ಸದಾ ನಗ್ತಾನೇ ಇರಬೇಕು ಅಂತ ನಿಯಮ ಮಾಡ್ಕೊಂಡ್ರೆ ಅದು ಇನ್ನೊಂದು ಹುಚ್ಚು. ನಾನು ಎರಡು ದಿನ ಮಾಡಿ ನೋಡಿದೆ, ನನ್ನ ನಗು ನೋಡಿ ಮಗಳೇ ಕೇಳಿದ್ಲು, "ಅಪ್ಪ, ಹಲ್ಲು ನೋವಾ?"

ಇಲ್ಲೇ ಎಡ್ ಟ್ರಾನಿಕ್ ಅನ್ನೋ ಇನ್ನೊಬ್ಬ ಅಮೆರಿಕದ ಮನಃಶಾಸ್ತ್ರಜ್ಞ ಬರ್ತಾರೆ. 1970ರ ದಶಕದಲ್ಲಿ ಅವರು ಮಾಡಿದ ಪ್ರಯೋಗದ ವಿಡಿಯೋ ನೆಟ್‌ನಲ್ಲಿ ಸಿಗತ್ತೆ, ಗಟ್ಟಿ ಮನಸ್ಸಿದ್ರೆ ನೋಡಿ. ಅಮ್ಮ ಕೂಸಿನ ಜೊತೆ ಆಡ್ತಿರ್ತಾಳೆ, ಆಮೇಲೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವನೇನೂ ಇಲ್ಲದೆ ಕಲ್ಲಿನ ಥರ ಕೂರ್ತಾಳೆ, ಅಷ್ಟೇ. ಕೂಸು ಮೊದಲು ನಗತ್ತೆ, ಆಮೇಲೆ ಕೈ ತೋರ್ಸತ್ತೆ, ಕೂಗತ್ತೆ, ಗೊತ್ತಿರೋ ಎಲ್ಲ ಆಟ ಆಡಿ ಮುಗಿಸಿ ಕೊನೆಗೆ ಮುಖ ತಿರುಗಿಸಿ ಅಳಕ್ಕೆ ಶುರು ಮಾಡತ್ತೆ. (ಫೋನ್ ನೋಡ್ತಾ ಮಗು ಮಾತಿಗೆ ಹೂಂ ಹೂಂ ಅನ್ನೋ ನಮ್ಮ ಮುಖ ಹೊರಗಿಂದ ಹೆಂಗೆ ಕಾಣತ್ತೆ ಅನ್ನೋದು ಬೇಡ ಬಿಡಿ, ಅದಕ್ಕೆ ಬೇರೆ ಪೋಸ್ಟೇ ಬೇಕು.) ಇಷ್ಟು ಎಲ್ಲರೂ ಹೇಳ್ತಾರೆ. ಆದ್ರೆ ಟ್ರಾನಿಕ್ ಅವರ ಇನ್ನೊಂದು ಮಾತು ಕಡಿಮೆ ಜನ ಹೇಳ್ತಾರೆ. ಚೆನ್ನಾಗೇ ಇರೋ ಅಮ್ಮ ಮಗು ಜೋಡಿಗಳನ್ನ ಕೂತು ಗಮನಿಸಿದ್ರೆ, ಇಬ್ಬರ ತಾಳ ಸರಿಯಾಗಿ ಕೂಡಿರೋದು ಸುಮಾರು 30 ಪರ್ಸೆಂಟ್ ಸಮಯ ಮಾತ್ರ. ಮಿಕ್ಕಿದ್ದು ತಪ್ಪೋದು, ಮತ್ತೆ ಸರಿ ಮಾಡ್ಕೊಳೋದು, ಮತ್ತೆ ತಪ್ಪೋದು. ತಪ್ಪಿದ ತಾಳ ಮತ್ತೆ ಕೂಡಿಕೊಳ್ಳತ್ತೆ ಅನ್ನೋದೇ ಮಗುವಿಗೆ ಸಿಗೋ ಪಾಠ. ನೂರಕ್ಕೆ ಮೂವತ್ತು, ನಮ್ಮ ಕಾಲದಲ್ಲಿ ಅದು ಫೇಲು, ಇಲ್ಲಿ ಪಾಸು. ನನ್ನಂಥವರಿಗೆ ಇದಕ್ಕಿಂತ ಸಮಾಧಾನ ಬೇಕಾ.

ನಮ್ಮ ಮನೇಲಿ, ಅಂದ್ರೆ ನಾನು ಬೆಳೆದ ಮನೇಲಿ, ಕೂಗಾಟ ಇರಲಿಲ್ಲ. ಮೌನ ಇತ್ತು. ನಮ್ಮಪ್ಪ ಸಿಟ್ಟು ಬಂದ್ರೆ ಮಾತು ಬಿಡ್ತಿದ್ರು, ಮೂರು ದಿನ, ನಾಲ್ಕು ದಿನ. ಆಗ ನಾನು ಪೋಸ್ಟ್‌ಮ್ಯಾನ್. "ನಿಮ್ಮಮ್ಮಂಗೆ ಹೇಳು, ನಾಳೆ ನಾನು ಬೇಗ ಹೋಗ್ಬೇಕು" ಅಂತ ಅಪ್ಪ ಹೇಳೋರು, ಅಮ್ಮ ಎರಡು ಅಡಿ ದೂರದಲ್ಲಿ ನಿಂತಿರೋರು, ನಾನು ತಿರುಗಿ "ಅಮ್ಮ, ಅಪ್ಪ ನಾಳೆ ಬೇಗ ಹೋಗ್ಬೇಕಂತೆ" ಅನ್ನೋನು, ಅಮ್ಮ "ಸರಿ ಅಂತ ಹೇಳು" ಅನ್ನೋರು. ಹೇಳುವಾಗ ಸ್ವಲ್ಪ ಸಿಹಿ ಸೇರಿಸಿ ಹೇಳೋದು ಕಲ್ತಿದ್ದೆ, "ಸರಿ ಅಂತ ಹೇಳು" ಅನ್ನೋದನ್ನ "ಸರಿ ಅಂತೆ, ಹುಷಾರಾಗಿ ಹೋಗ್ಬನ್ನಿ ಅಂದ್ರು" ಅಂತ. 9 ವರ್ಷಕ್ಕೆ ರಾಯಭಾರಿ. ಅಪ್ಪ ಸಂಜೆ ಬಂದು ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದಲ್ಲೇ ಇವತ್ತು ಮನೆ ಹವಾ ಹೆಂಗಿದೆ ಅಂತ ಹೇಳ್ತಿದ್ದೆ, ಒಂದೇ ಏಟಿಗೆ ಟಕ್ ಅಂದ್ರೆ ಸರಿಯಾಗಿದೆ, ಎರಡು ಸಲ ಎಳೆದಾಡಿದ್ರೆ ಪುಸ್ತಕ ತಗೊಂಡು ಮೂಲೆ ಸೇರೋದು. ಇವತ್ತಿಗೂ ಆಫೀಸಲ್ಲಿ ಯಾರಾದ್ರೂ ಕುರ್ಚಿ ಎಳೆಯೋ ಸದ್ದಿಗೆ ನನ್ನ ಹೊಟ್ಟೆ ಒಂದು ಸಲ ಕಲಕತ್ತೆ. ಎಲ್ಲರೂ ನನ್ನ "ಎಷ್ಟು ಹೊಂದ್ಕೊಂಡು ಹೋಗೋ ಮನುಷ್ಯ" ಅಂತ ಹೊಗಳ್ತಾರೆ. ಅದು ಗುಣ ಅಲ್ಲ ಸ್ವಾಮಿ, ಅಭ್ಯಾಸ.

ಆ ಮನೇಲಿ ನಾನೂ ಜಾಣ ಮಗ. ಅದಕ್ಕೇ ಮಗಳು ಜೋಡಿಸಿಟ್ಟ ಚಪ್ಪಲಿ ಸಾಲು ನೆನಪಾದಾಗೆಲ್ಲ ನನಗೆ ಒಂಥರಾ ಆಗತ್ತೆ. ಹಠ ಮಾಡೋ ಮಗು, ಸಾಮಾನು ಎಸೆಯೋ ಮಗು, ಕಚ್ಚೋ ಮಗು, ಅದರ ಮೇಲೆ ಎಲ್ಲರ ಕಣ್ಣು ಬೀಳತ್ತೆ, ಏನೋ ಆಗಿದೆ ಅಂತ ಕೇಳ್ತಾರೆ. ಏಕಾಏಕಿ ಒಳ್ಳೇದಾದ ಮಗುನ ಯಾರೂ ಏನಾಯ್ತು ಅಂತ ಕೇಳಲ್ಲ, ಬೆನ್ನು ತಟ್ತಾರೆ.

ಇದನ್ನೆಲ್ಲ ಬರೀ ಅಪ್ಪ ಅಮ್ಮನ ತಲೆಗೆ ಕಟ್ಟಿ ಕೈ ತೊಳ್ಕೊಳೋದೂ ಸರಿಯಲ್ಲ. ಪೇರೆಂಟಿಂಗ್ ಬಗ್ಗೆ ಬರೆಯೋರೆಲ್ಲ ತಾಳ್ಮೆ ಇರ್ಲಿ, ಉಸಿರೆಳ್ಕೊಳಿ, ಹತ್ತರ ತನಕ ಎಣಿಸಿ ಅಂತಾರೆ. ಎರಡು ಪಾಳಿ ದುಡಿದು ಬಂದೋರು ಹತ್ತರ ತನಕ ಎಣಿಸೋಷ್ಟರಲ್ಲಿ ನಿದ್ದೆ ಹೋಗಿರ್ತಾರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೇನ್ ಕಾಸ್ಟೆಲ್ಲೊ ಅನ್ನೋ ಸಂಶೋಧಕಿ ಮತ್ತೆ ಅವರ ತಂಡ 1993ರಿಂದ 1,420 ಮಕ್ಕಳ ಮನಸ್ಸಿನ ಆರೋಗ್ಯನ ವರ್ಷಾ ವರ್ಷಾ ನೋಡ್ತಾ ಇದ್ರು. ಅವರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನ ಮಕ್ಕಳೂ ಇದ್ರು. ಮಧ್ಯದಲ್ಲಿ ಚೆರೋಕಿಗಳ ಜಾಗದಲ್ಲಿ ಕ್ಯಾಸಿನೊ ಶುರುವಾಗಿ ಅದರ ಲಾಭದಲ್ಲಿ ಬುಡಕಟ್ಟಿನ ಪ್ರತಿಯೊಬ್ಬರಿಗೂ ಪಾಲು ಬರಕ್ಕೆ ಶುರುವಾಯ್ತು. ಯಾರೂ ಪ್ಲಾನ್ ಮಾಡದೆ ತಾನಾಗೇ ಆದ ಪ್ರಯೋಗ. ಆ ಹಣದಿಂದ ಬಡತನ ದಾಟಿದ ಮನೆಗಳ ಮಕ್ಕಳಲ್ಲಿ ಹೊಡೆದಾಟ, ಸಿಡುಕು, ಮಾತು ಕೇಳದೇ ಇರೋದು ಇಂಥವೆಲ್ಲ, ಮೊದಲಿಂದಲೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳೀತು ಅಂತ 2003ರಲ್ಲಿ ಬರೆದ್ರು. ಆ ಮಕ್ಕಳಿಗೆ ಯಾರೂ ಶಿಸ್ತಿನ ಕ್ಲಾಸ್ ತಗೊಂಡಿರಲಿಲ್ಲ. ಇದಕ್ಕೆ ಅವರು ಕೊಟ್ಟ ವಿವರಣೆ ಅಂದ್ರೆ ಅಪ್ಪ ಅಮ್ಮನಿಗೆ ಸಮಯದ ಒತ್ತಡ ಕಡಿಮೆಯಾಗಿ ಮಕ್ಕಳ ಕಡೆ ಗಮನ ಕೊಡಕ್ಕಾಯ್ತು, ಇಷ್ಟೇ. (ಆತಂಕ, ಖಿನ್ನತೆ ಮಾತ್ರ ಅಷ್ಟಾಗಿ ಇಳೀಲಿಲ್ಲ, ದುಡ್ಡಿಗೆ ಎಲ್ಲಾ ಬಗ್ಗಲ್ಲ.)

ನಮ್ಮ ಬಸ್ ಫೀಸ್ ಜಗಳಾನೂ ನಿಜ ಹೇಳ್ಬೇಕಂದ್ರೆ ಫೀಸಿಂದಲ್ಲ. ಆ ವಾರ ನನಗೆ ಆಫೀಸಲ್ಲಿ ದಿನಾ ರಾತ್ರಿ ಎಂಟಾಗ್ತಿತ್ತು, ಅವಳಿಗೆ ಮೈಗ್ರೇನು, ನಮ್ಮಮ್ಮನಿಗೆ ಮಂಡಿ ನೋವು. ಮೇಲಿಂದ ಬಂದ ಸಿಟ್ಟು ಮೆಟ್ಟಿಲಿಳ್ಕೊಂಡು ಬರತ್ತೆ, ಬಾಸ್ ನನಗೆ ಬೈತಾನೆ, ನಾನು ಮನೇಲಿ ಸಿಡುಕ್ತೀನಿ, ಕಟ್ಟಕಡೆ ಮೆಟ್ಟಿಲ ಮೇಲೆ ಕೂತಿರೋದು ಎಲ್ಲರಿಗಿಂತ ಚಿಕ್ಕವಳು. ಅವಳು ಯಾರಿಗೆ ದಾಟಿಸಬೇಕು? ಆನೆ ಕಿವಿಗೆ.

ಬಾಲ್ಯದ ಕಹಿ ಅನುಭವಗಳ ಬಗ್ಗೆ 1998ರಲ್ಲಿ ಫೆಲಿಟಿ ಮತ್ತೆ ಆಂಡಾ ಅನ್ನೋ ಅಮೆರಿಕದ ಡಾಕ್ಟರ್‌ಗಳು ಬರೆದಿದ್ದು ತುಂಬಾ ಜನ ಕೇಳಿರ್ತೀರಾ. ಹೊಡೆತ, ಬೈಗುಳ, ಮನೇಲಿ ಕುಡಿತ, ಅಮ್ಮನ ಮೇಲೆ ಕೈ ಮಾಡೋದು, ಇಂಥವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಹಿಡಿದು ಖಿನ್ನತೆ ತನಕ ಎಲ್ಲದರ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರತ್ತೆ ಅಂತ. ಇಂಥವು ನಮಗೆ ಎಷ್ಟು ಆಗಿವೆ ಅಂತ ಎಣಿಸೋ ಅದರ ಸ್ಕೋರ್ ಪಟ್ಟಿ ನೆಟ್‌ನಲ್ಲಿ ಓಡಾಡ್ತಿರತ್ತೆ, ಜನ ತಮ್ಮ ಸ್ಕೋರ್ ಹಾಕ್ಕೊಂಡು ನನ್ನ ಕಥೆ ಮುಗೀತು ಅಂತ ಕೂರ್ತಾರೆ. ಅದು ಜಾತಕ ಅಲ್ಲ. ಒಬ್ಬೊಬ್ಬ ವ್ಯಕ್ತಿಯ ಭವಿಷ್ಯ ಹೇಳಕ್ಕೆ ಆ ಸ್ಕೋರ್ ಬಳಸಬೇಡಿ ಅಂತ ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ.

ಜಾತಕ ಸುಳ್ಳಾಗಿದ್ದಕ್ಕೆ ಸಾಕ್ಷಿ ಹವಾಯಿಯ ಕವಾಯಿ ದ್ವೀಪದಲ್ಲಿದೆ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಮತ್ತೆ ರೂತ್ ಸ್ಮಿತ್ ಅನ್ನೋ ಸಂಶೋಧಕಿಯರು 40 ವರ್ಷದ ತನಕ ಬಿಡದೇ ಹಿಂಬಾಲಿಸಿದ್ರು. ಬಡತನ, ಮನೇಲಿ ಸದಾ ಕಲಹ, ಅಪ್ಪ ಅಮ್ಮನಿಗೆ ಕುಡಿತವೋ ಮಾನಸಿಕ ಕಾಯಿಲೆಯೋ, ಹಿಂಗೆ ಎಲ್ಲಾ ಕಷ್ಟ ಒಟ್ಟಿಗೆ ಬಿದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲೊಂದು ಭಾಗ ಚೆನ್ನಾಗೇ ಬೆಳೆದ್ರು, ಓದಿದ್ರು, ಕೆಲಸ ಹಿಡಿದ್ರು, ಮನಸ್ಸು ಬಿಚ್ಚಿ ಬದುಕಿದ್ರು. ಅವರ ಬದುಕಲ್ಲಿ ಮತ್ತೆ ಮತ್ತೆ ಕಂಡಿದ್ದು ಏನಂದ್ರೆ, ಅಪ್ಪ ಅಮ್ಮನ ಕೈಲಿ ಆಗದೇ ಇದ್ದಾಗ ಹತ್ರದಲ್ಲಿ ಇನ್ನೊಬ್ಬ ದೊಡ್ಡೋರು ಇದ್ರು. ಅಜ್ಜಿ, ಅಕ್ಕ, ಪಕ್ಕದ ಮನೆಯವ್ರು, ಒಬ್ಬ ಟೀಚರ್. ಎಲ್ಲರೂ ಬೇಕಿಲ್ಲ, ಒಬ್ರು ಸಾಕು.

ನನಗೆ ಆ ಒಬ್ರು ಯಾರು ಅಂತ ಯೋಚನೆ ಮಾಡಿದೆ. ನಮ್ಮ ಮನೆ ಹಿಂದುಗಡೆ ಮನೇಲಿ ಒಬ್ರು ಆಂಟಿ ಇದ್ರು, ಅಪ್ಪ ಮಾತು ಬಿಟ್ಟ ದಿನಗಳಲ್ಲಿ ನಾನು ಅವರ ಮೆಟ್ಟಿಲ ಮೇಲೆ ಹೋಗಿ ಕೂರ್ತಿದ್ದೆ. ಏನಾಯ್ತು ಅಂತ ಒಂದು ದಿನಾನೂ ಕೇಳಿದವ್ರಲ್ಲ. "ಬಂದ್ಯಾ, ಈ ದಾರ ಹಿಡ್ಕೋ" ಅಂತ ಹೊಲಿಗೆ ದಾರದ ಒಂದು ತುದಿ ಕೈಗೆ ಕೊಡೋರು, ನಾನು ಹಿಡ್ಕೊಂಡು ಕೂರ್ತಿದ್ದೆ. ಆ ದಾರ ಯಾರೂ ಹಿಡಿಯೋ ಅವಶ್ಯಕತೆನೇ ಇರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ನನ್ನ ಹೆಂಡ್ತಿ ಹೊಲಿಯೋದು ನೋಡಿದಾಗ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಾನು ಹೇಳ್ತಿರೋದು ಸಮಸಮ ಇರೋ ಇಬ್ಬರ ನಡುವಿನ ದಿನನಿತ್ಯದ ಜಗಳದ ಬಗ್ಗೆ. ಹೊಡೆತ ಬಡಿತ ಇರೋ ಮನೆ, ಒಬ್ರು ಇನ್ನೊಬ್ರಿಗೆ ಹೆದರಿ ಬದುಕೋ ಮನೆ, ಅಲ್ಲಿ "ಮಗು ಮುಂದೆ ರಾಜಿ ಮಾಡ್ಕೊಳಿ" ಅಂತ ಯಾರಾದ್ರೂ ಅಂದ್ರೆ ಅದು ಶುದ್ಧ ತಪ್ಪು ಸಲಹೆ. ಅಲ್ಲಿ ಬೇಕಾಗಿರೋದು ರಕ್ಷಣೆ. "ಮಕ್ಕಳ ಮುಖ ನೋಡಿ ಸಹಿಸ್ಕೋ" ಅನ್ನೋ ಸಂಬಂಧಿಕರು ಯಾರೂ ಆ ಮಕ್ಕಳ ಮುಖ ನಿಜವಾಗ್ಲೂ ನೋಡಿರಲ್ಲ.

ನಾವು ಮಾಡಿದ್ದು ಇಷ್ಟು. ಆವತ್ತು ಸಂಜೆ ಬೇಗ ಬಂದು ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದೆ, ನಿನ್ನೆ ಕೂಗಿದ್ದು ತಪ್ಪು, ಫೀಸ್ ಮರೆತಿದ್ದು ನಾನು, ನಿಂದೇನೂ ತಪ್ಪಿಲ್ಲ, ಬಸ್ಸಲ್ಲೇ ಹೋಗ್ಬೇಕು ನೀನು. ಗೀಸರ್ ಸ್ವಿಚ್ ಹತ್ರ ಇಬ್ರೂ ಡಿಕ್ಕಿ ಹೊಡೆದಿದ್ದೂ ಹೇಳಿದೆ. ಅವಳಿಗೆ ಮೊದಲಿನ ಭಾಷಣ ಬೇಕಾಗಿರಲಿಲ್ಲ, ಡಿಕ್ಕಿ ಮಾತ್ರ ಬೇಕಾಗಿತ್ತು. "ಹೆಂಗೆ ಹೊಡೆದ್ರಿ ತೋರ್ಸಿ" ಅಂದ್ಲು. ಅವಳಮ್ಮನ್ನ ಕರೆದು ಬಾತ್‌ರೂಮ್ ಬಾಗಿಲಲ್ಲಿ ಮತ್ತೆ ಡಿಕ್ಕಿ ಹೊಡೆದು ತೋರಿಸಿದ್ವಿ. ಇನ್ನೊಂದ್ಸಲ ಅಂದ್ಲು. ಐದು ಸಲ ಆಯ್ತು, ನಮ್ಮಮ್ಮ ಇವರಿಗೆಲ್ಲ ಏನಾಗಿದೆ ಅಂತ ನೋಡ್ತಾ ನಿಂತಿದ್ರು.

ಹೋದ ಭಾನುವಾರ ಮತ್ತೆ ಜಗಳ ಆಯ್ತು, ಈ ಸಲ ಟಿವಿ ರಿಮೋಟಿನ ಸೆಲ್ ವಿಷಯಕ್ಕೆ, ನನ್ನದೇ ತಪ್ಪು ಅಂತ ಬರೆಯಲ್ಲ, ಅವಳೂ ಇದನ್ನ ಓದ್ತಾಳೆ. ಹತ್ತು ನಿಮಿಷ ಚೆನ್ನಾಗೇ ನಡೀತು. ಆಮೇಲೆ ನಾನು ಹಾಲಲ್ಲೇ, ಎಲ್ಲರ ಮುಂದೆ, "ಆಯ್ತು ಕಣೇ, ಜಾಸ್ತಿ ಮಾತಾಡ್ದೆ, ಸಾರಿ" ಅಂದೆ. ಅವಳು ಸ್ವಲ್ಪ ಹೊತ್ತು ಬಿಟ್ಟು "ನಾನೂ ಆ ಮಾತು ಅನ್ನಬಾರ್ದಿತ್ತು ರೀ" ಅಂದ್ಲು. ಹೇಳಕ್ಕೆ ಎಷ್ಟು ಮುಜುಗರ ಅಂತೀರಾ, ರೂಮಲ್ಲಾಗಿದ್ರೆ ಸಲೀಸು. ಮಗಳು ಟಿವಿಯಿಂದ ಕಣ್ಣು ತೆಗೀದೇ ಕೇಳಿದ್ಲು, "ಮುಗೀತಾ?" ಮುಗೀತು ಅಂದ್ವಿ. "ಹಂಗಾದ್ರೆ ಸೌಂಡ್ ಜಾಸ್ತಿ ಮಾಡಿ."

ಸೋಮವಾರ ಬೆಳಿಗ್ಗೆ ಹತ್ತು ಸಲ ಕೂಗಿದ್ರೂ ಏಳಲಿಲ್ಲ. ಒಂದು ಶೂ ಬಾಗಿಲ ಹತ್ರ ಇತ್ತು, ಇನ್ನೊಂದು ಸೋಫಾ ಕೆಳಗೆ ಸಿಕ್ತು, ಬಸ್ಸು ಹೊರಗೆ ನಿಂತು ಹಾರ್ನ್ ಹೊಡೀತಾನೇ ಇತ್ತು.